ಪಣವನ್ನು ಬಿಟ್ಟ ಕಾರ್ಡಿನಾಟ

ನಮ್ಮ ಮನೆಗಳಲ್ಲಿ ಇಸ್ಪೀಟು ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಆ ಪದ ಕಿವಿಗೆ ಬಿದ್ದರೆ ಸಾಕು, ಅಂಗಡಿ ಹಿಂಬದಿಯ ಜೂಜು, ಅಡವಿಟ್ಟ ಒಡವೆ, ಬೀದಿಗೆ ಬಿದ್ದ ಸಂಸಾರ ಹಿರಿಯರ ಕಣ್ಣ ಮುಂದೆ ಸುಳಿಯುತ್ತವೆ. ಆ ಭಯ ಸುಳ್ಳಲ್ಲ. ಆದರೆ ಇಂದು ಮಕ್ಕಳು ಕೈಯಲ್ಲಿ ಹಿಡಿದಿರುವ ಕಾರ್ಡುಗಳು ಬೇರೆ. ಅವುಗಳಲ್ಲಿ ರಾಜ, ರಾಣಿ, ಗುಲಾಮರಿಲ್ಲ. ವಿಚಿತ್ರ ಪ್ರಾಣಿಗಳಿವೆ, ಯೋಧರಿದ್ದಾರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದಷ್ಟು ನಿಯಮಗಳಿವೆ. ಇವುಗಳಿಗೆ ಟ್ರೇಡಿಂಗ್ ಕಾರ್ಡ್ ಗೇಮ್ ಎಂದು ಹೆಸರು. ಕಾರ್ಡುಗಳನ್ನು ಕೊಂಡು, ಕೂಡಿಟ್ಟು, ಪರಸ್ಪರ ಬದಲಾಯಿಸಿಕೊಂಡು ಆಡುವ ಆಟ. ಇದನ್ನು ಮಗು ಕಲಿಯಬಹುದೇ ಎಂದು ಕೇಳುವವರಿದ್ದಾರೆ. ಹೌದು ಅಥವಾ ಇಲ್ಲ ಎಂದು ಅವಸರದಲ್ಲಿ ಹೇಳುವ ಮೊದಲು ಈ ಆಟದ ಚರಿತ್ರೆಯನ್ನು ನಾವು ಸ್ವಲ್ಪ ನೋಡಬೇಕು. ಏಕೆಂದರೆ ಜೂಜಿನ ಬಾಗಿಲಿನವರೆಗೆ ಹೋಗಿ ಅಲ್ಲಿಂದ ಅರ್ಧ ಹಿಂದಿರುಗಿದ ಆಟವಿದು.

ಎಲ್ಲರಿಗೂ ಒಂದೇ ಕಟ್ಟು

ಇಸ್ಪೀಟು ಯುರೋಪಿನ ಸ್ವಂತ ಆಸ್ತಿಯಲ್ಲ. ಅದು ಅಲ್ಲಿಗೆ ತಲುಪಿದ್ದು ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ, ಮುಸ್ಲಿಮ್ ನಾಡುಗಳ ಮೂಲಕ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1377ರಲ್ಲಿಯೇ ಫ್ಲಾರೆನ್ಸ್ ನಗರ ಈ ಆಟದ ಮೇಲೆ ನಿರ್ಬಂಧ ಹೇರಿತ್ತು. ಈಜಿಪ್ಟಿನ ಮಮ್ಲೂಕ್ ಕಾಲದ ಒಂದು ಸುಂದರ ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದುಕೊಂಡಿದೆ. 52 ಎಲೆಗಳಿದ್ದ ಅದರ 47 ಎಲೆಗಳು ನಮ್ಮ ಕಾಲಕ್ಕೆ ಸಿಕ್ಕಿವೆ. ಅದರಲ್ಲಿ ನಾಣ್ಯ, ಬಟ್ಟಲು, ಖಡ್ಗ, ಪೋಲೋ ಕೋಲುಗಳಿವೆ. ರಾಜನ ನಂತರದ ಸ್ಥಾನ 'ನಾಇಬ್', ಅಂದರೆ ಪ್ರತಿನಿಧಿಯದ್ದು. ಸ್ಪೇನಿನವರು ಇಸ್ಪೀಟಿಗೆ ಇಂದಿಗೂ ಬಳಸುವ 'ನೈಪೆ' ಎಂಬ ಪದದಲ್ಲಿ ಅದೇ ನಾಇಬ್ ಅಡಗಿದ್ದಾನೆ ಎನ್ನುವವರಿದ್ದಾರೆ.

ಇತ್ತ ಭಾರತಕ್ಕೆ ಗಂಜೀಫಾ ಬಂತು. ಬಾಬರ್ 1527ರಲ್ಲಿ ಸಿಂಧ್‌ನಲ್ಲಿದ್ದ ತನ್ನ ಸ್ನೇಹಿತ ಶಾ ಹಸನ್‌ನಿಗೆ ಗಂಜೀಫಾ ಕಳುಹಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿದೆ. ಅಕ್ಬರನ ಆಸ್ಥಾನದ ಗಂಜೀಫಾವನ್ನು ಅಬುಲ್ ಫಝಲ್ ವಿವರವಾಗಿ ಬರೆದಿಟ್ಟ. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ಹೊಸ ಹೊಸ ರೂಪಗಳನ್ನು ಕೊಟ್ಟರು. ಪರ್ಶಿಯಾದ ಹೆಸರು, ಮೊಗಲರ ಆಸ್ಥಾನ, ಪುರಾಣದ ಚಿತ್ರ, ಮೈಸೂರಿನ ಕುಂಚ. ಒಂದು ಆಟದ ಎಲೆಯೊಳಗೆ ಎಷ್ಟು ನಾಡುಗಳು ಸೇರಿಕೊಂಡಿವೆ ನೋಡಿ!

ಈ ಹಳೆಯ ಆಟಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಕಟ್ಟು ಒಂದೇ, ಅದು ಎಲ್ಲರಿಗೂ ಸೇರಿದ್ದು. ಸುಲ್ತಾನನೇ ಆಡಲಿ, ಅವನ ಸೇವಕನೇ ಆಡಲಿ, ಕಲಸಿ ಹಂಚಿದ ಎಲೆಯಲ್ಲೇ ಆಡಬೇಕು. ಸಂಪತ್ತು ಪಣದ ರೂಪದಲ್ಲಿ ಒಳಗೆ ಬರಬಹುದೇ ಹೊರತು ಎಲೆಯ ರೂಪದಲ್ಲಿ ಬರಲಾರದು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬದಲಾದದ್ದು ಇದೇ.

ಸಿಗರೇಟು ಪ್ಯಾಕಿನಿಂದ ಬಂದ ಉಪಾಯ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ತಂಬಾಕು ಕಂಪೆನಿಗಳು ಸಿಗರೇಟು ಪ್ಯಾಕು ಮುದುಡದಿರಲೆಂದು ಒಳಗೊಂದು ದಪ್ಪ ಕಾಗದ ಇಡುತ್ತಿದ್ದವು. ಆ ಕಾಗದದ ಮೇಲೆ ಚಿತ್ರ ಮುದ್ರಿಸಿದರೆ ಗಿರಾಕಿ ಮತ್ತೆ ಮತ್ತೆ ಬರುತ್ತಾನೆಂಬುದು ಅವರಿಗೆ ಬೇಗ ತಿಳಿಯಿತು. ಯಾವ ಚಿತ್ರ ಸಿಗುತ್ತದೆಂದು ಕೊಳ್ಳುವಾಗ ಗೊತ್ತಿಲ್ಲ. ಇಡೀ ಸರಣಿ ಮುಗಿಯಬೇಕಾದರೆ ಇನ್ನೊಂದು ಪ್ಯಾಕು ಕೊಳ್ಳಲೇಬೇಕು. ಮುಂದೆ ಸಿಗರೇಟಿನ ಜಾಗಕ್ಕೆ ಚ್ಯೂಯಿಂಗ್ ಗಮ್ ಬಂತು, ಬೇಸ್‌ಬಾಲ್ ಆಟಗಾರರ ಚಿತ್ರಗಳು ಬಂದವು. ನಮ್ಮಲ್ಲಿಯೂ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಕೂಡಿಟ್ಟವರು, ಕುಸ್ತಿಪಟುಗಳ ಟ್ರಂಪ್ ಕಾರ್ಡಿಗಾಗಿ ಜಗಳವಾಡಿದವರು ಈಗ ಮಕ್ಕಳ ತಂದೆ ತಾಯಿಯರಾಗಿದ್ದಾರೆ.

ಕೂಡಿಡುವ ಈ ಹುಚ್ಚನ್ನು ಆಡುವ ಬುದ್ಧಿಯೊಂದಿಗೆ ಜೋಡಿಸಿ ಯಶಸ್ವಿಯಾದವರು ಗಣಿತದ ವಿದ್ವಾಂಸ ರಿಚರ್ಡ್ ಗಾರ್ಫೀಲ್ಡ್. 1991ರಲ್ಲಿ ಅವರು ತಮ್ಮ ಒಂದು ಬೋರ್ಡ್ ಆಟವನ್ನು ಹಿಡಿದುಕೊಂಡು 'ವಿಝರ್ಡ್ಸ್ ಆಫ್ ದ ಕೋಸ್ಟ್' ಎಂಬ ಸಣ್ಣ ಕಂಪೆನಿಯ ಪೀಟರ್ ಆಡ್ಕಿಸನ್ ಬಳಿ ಹೋದರು. ಅದನ್ನು ತಯಾರಿಸುವಷ್ಟು ಹಣ ಆಡ್ಕಿಸನ್ ಬಳಿ ಇರಲಿಲ್ಲ. ಸುಲಭವಾಗಿ ಒಯ್ಯಬಹುದಾದ, ಬೇಗ ಮುಗಿಯುವ ಆಟವೊಂದು ಬೇಕು ಎಂದರು. ಹಾಗೆ ಹುಟ್ಟಿದ್ದು 1993ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದ 'ಮ್ಯಾಜಿಕ್: ದ ಗ್ಯಾದರಿಂಗ್'. ಮೊದಲ ಮುದ್ರಣದ ಸುಮಾರು 26 ಲಕ್ಷ ಕಾರ್ಡುಗಳು ನೋಡನೋಡುತ್ತಿದ್ದಂತೆ ಮುಗಿದುಹೋದವು. 60 ಕಾರ್ಡುಗಳ ಆರಂಭಿಕ ಕಟ್ಟು, 15 ಕಾರ್ಡುಗಳ ಮುಚ್ಚಿದ ಪೊಟ್ಟಣ. ಪೊಟ್ಟಣದೊಳಗೆ ಏನಿದೆ ಎಂಬುದು ತೆರೆದ ಮೇಲೆಯೇ ತಿಳಿಯುತ್ತದೆ.

ಹೊಸಬ ಕಲಿಯುವುದೇನು?

ಈ ಆಟವನ್ನು ಹೊಸದಾಗಿ ಕಲಿಯುವವನ ಪಾಡು ಮೊದಲ ದಿನ ಮದ್ರಸಕ್ಕೆ ಹೋದ ಮಗುವಿನಂತೆ. ಅಕ್ಷರ ಕಾಣುತ್ತದೆ, ಅರ್ಥವಾಗುವುದಿಲ್ಲ. ಮ್ಯಾಜಿಕ್‌ನ ಸಾಮಾನ್ಯ ಆಟದಲ್ಲಿ ಇಬ್ಬರು ಎದುರುಬದುರು ಕುಳಿತುಕೊಳ್ಳುತ್ತಾರೆ. ಇಬ್ಬರಿಗೂ 20 ಜೀವಾಂಕ. ತನ್ನ ತನ್ನ ಕಟ್ಟನ್ನು ಕಲಸಿ ಏಳು ಎಲೆ ಎತ್ತಿಕೊಳ್ಳಬೇಕು. ಕೆಲವು ಎಲೆಗಳು 'ಭೂಮಿ'. ಸರದಿಗೆ ಒಂದರಂತೆ ಮಾತ್ರ ಅವುಗಳನ್ನು ಇಳಿಸಬಹುದು. ಅವು ಕೊಡುವ ಶಕ್ತಿಯನ್ನು ಖರ್ಚು ಮಾಡಿ ಬೇರೆ ಎಲೆಗಳನ್ನು ಆಡಬೇಕು. ಭೂಮಿಯನ್ನು ಬಳಸಿದ ಗುರುತಿಗೆ ಅದನ್ನು ಅಡ್ಡಲಾಗಿ ತಿರುಗಿಸಿಡುತ್ತಾರೆ. ಎದುರಾಳಿಯ ಜೀವಾಂಕವನ್ನು ಸೊನ್ನೆಗೆ ಇಳಿಸಿದವನು ಗೆದ್ದ.

ಹೇಳಲು ಇಷ್ಟೇ. ಆದರೆ ಹೊಸಬ ಮಾಡುವ ತಪ್ಪು ಎಲ್ಲ ಕಡೆಯೂ ಒಂದೇ. ದೊಡ್ಡ ರಾಕ್ಷಸನ ಚಿತ್ರವಿರುವ ಎಲೆಗಳನ್ನೆಲ್ಲ ಕಟ್ಟಿಗೆ ತುಂಬುತ್ತಾನೆ. ಭೂಮಿಯ ಎಲೆ ನೀರಸವೆಂದು ಕಡಿಮೆ ಮಾಡುತ್ತಾನೆ. ಆಮೇಲೆ ಕೈ ತುಂಬ ರಾಕ್ಷಸರು, ಇಳಿಸಲು ಶಕ್ತಿಯಿಲ್ಲ! 60 ಎಲೆಗಳಲ್ಲಿ ಸುಮಾರು 24 ಭೂಮಿ ಇರಲಿ ಎಂದು ಅನುಭವಸ್ಥರು ಹೇಳುತ್ತಾರೆ. ಹಾಗಿದ್ದರೆ ಮೊದಲ ಏಳರಲ್ಲಿ ಸರಾಸರಿ ಎರಡೋ ಮೂರೋ ಬರುತ್ತವೆ. ಐದರಲ್ಲಿ ಎರಡು ಎಂಬ ಭಿನ್ನರಾಶಿಯನ್ನು ಕಪ್ಪು ಹಲಗೆಯ ಮೇಲೆ ಕಲಿಯದ ಹುಡುಗ ಇಲ್ಲಿ ಸೋತು ಕಲಿಯುತ್ತಾನೆ. ಮಹಲು ಕಟ್ಟುವ ಮೊದಲು ನೆಲ ಬೇಕೆಂಬುದನ್ನೂ ಕಲಿಯುತ್ತಾನೆ. ಎದುರಾಳಿಯ ಸರದಿಯಲ್ಲಿ ಸುಮ್ಮನಿರುವುದು, ಸಣ್ಣ ಅಕ್ಷರವನ್ನು ಎರಡು ಬಾರಿ ಓದುವುದು, ಸೋತಾಗ ಕೈ ಕುಲುಕುವುದು ಇವೂ ಪಾಠಗಳೇ. ಇವನ್ನೆಲ್ಲ ನಿಯಮದ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವುದು ಎದುರಿಗೆ ಕುಳಿತ ತಾಳ್ಮೆಯ ಮನುಷ್ಯ.

ಪಣದ ಎಲೆ

ಇಲ್ಲಿಯವರೆಗೆ ಕೇಳಿದವರು 'ಇದರಲ್ಲೇನು ತಪ್ಪು?' ಎಂದು ಕೇಳಬಹುದು. ಚರಿತ್ರೆಯ ಮುಖ್ಯ ತಿರುವು ಇರುವುದೇ ಇಲ್ಲಿ. 1993ರ ಆಟದಲ್ಲಿ 'ಆಂಟಿ' ಎಂಬ ನಿಯಮವಿತ್ತು. ಆಟ ಆರಂಭಿಸುವ ಮುನ್ನ ಇಬ್ಬರೂ ತಮ್ಮ ಕಟ್ಟಿನಿಂದ ನೋಡದೆ ಒಂದೊಂದು ಎಲೆ ತೆಗೆದು ಬದಿಗಿಡಬೇಕು. ಗೆದ್ದವನಿಗೆ ಎರಡೂ ಸ್ವಂತ. ಎಲೆಗಳು ಒಬ್ಬನಲ್ಲೇ ಉಳಿಯದೆ ಕೈಯಿಂದ ಕೈಗೆ ತಿರುಗಲಿ ಎಂಬುದು ಅದರ ಹಿಂದಿದ್ದ ಒಂದು ಆಲೋಚನೆ. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಫಲ? ಪ್ರೀತಿಯ ಎಲೆ ಕಳೆದುಕೊಂಡ ಆಟಗಾರರಿಗೆ ಅದು ಹಿಡಿಸಲಿಲ್ಲ. ಹಲವೆಡೆ ಅದು ಜೂಜಿನ ಕಾನೂನಿಗೂ ಸಿಕ್ಕಿಬೀಳುವಂತಿತ್ತು. ಅಧಿಕೃತ ಪಂದ್ಯಗಳಲ್ಲಿ ಪಣದ ಎಲೆಗಳಿಗೆ ನಿಷೇಧ ಬಂತು. 1995ರ ನಂತರ ಕಂಪೆನಿ ಅಂಥ ಹೊಸ ಎಲೆಗಳನ್ನೇ ಮುದ್ರಿಸಲಿಲ್ಲ.

ಇಸ್ಲಾಮಿಗಿಂತ ಮುಂಚಿನ ಅರೇಬಿಯದಲ್ಲಿ 'ಮೈಸಿರ್' ಎಂಬ ಆಟವಿತ್ತು. ಒಂಟೆಯನ್ನು ಕೊಯ್ದು ಪಾಲು ಮಾಡಿ ಬಾಣಗಳನ್ನೆತ್ತಿ ಪಾಲು ನಿರ್ಧರಿಸುತ್ತಿದ್ದರು. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಹೆಚ್ಚಾಗಿ ಬಡವರಿಗೆ ಹಂಚಿ ಹೆಮ್ಮೆ ಪಡುತ್ತಿದ್ದರು. ಅದರಲ್ಲಿ ಸ್ವಲ್ಪ ಪ್ರಯೋಜನವಿದೆ ಎಂಬುದನ್ನು ಕುರ್‌ಆನ್ ಅಲ್ಲಗಳೆಯಲಿಲ್ಲ. ಪ್ರಯೋಜನಕ್ಕಿಂತ ಕೇಡು ದೊಡ್ಡದು ಎಂದಿತು, ಅದು ಜನರ ನಡುವೆ ಹಗೆ ಬಿತ್ತುತ್ತದೆ ಎಂದಿತು. ಚದುರಂಗದ ಬಗ್ಗೆ ಕರ್ಮಶಾಸ್ತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು, ಇಮಾಮ್ ಶಾಫಿಈ ಅದನ್ನು ಇಷ್ಟಪಡದಿದ್ದರೂ ಹರಾಮ್ ಎನ್ನಲಿಲ್ಲ. ಆದರೆ ಎರಡೂ ಕಡೆಯಿಂದ ಪಣವಿಟ್ಟು ಆಡುವ ಚದುರಂಗಕ್ಕೆ ಅವರಲ್ಲಿ ಯಾರೂ ಅನುಮತಿ ಕೊಡಲಿಲ್ಲ. ಧರ್ಮರಾಯನ ಪಗಡೆಯ ಕಥೆ ಕೇಳಿ ಬೆಳೆದ ನಮ್ಮ ನೆರೆಯವರಿಗೂ ಈ ಮಾತು ಹೊಸದಲ್ಲ. ಸಭೆಯಲ್ಲಿ ದುರಂತ ನಡೆದದ್ದು ದಾಳದಿಂದಲ್ಲ, ದಾಳದ ಮುಂದಿಟ್ಟ ಪಣದಿಂದ.

ವದಂತಿ ಮತ್ತು ನಿಜವಾದ ಪ್ರಶ್ನೆ

ಪಣ ಹೋಯಿತು, ಮುಚ್ಚಿದ ಪೊಟ್ಟಣ ಉಳಿಯಿತು. ಜಪಾನಿನಲ್ಲಿ 1996ರಲ್ಲಿ ಬಂದ ಪೋಕೆಮಾನ್ ಕಾರ್ಡುಗಳು 1999ರಲ್ಲಿ ಅಮೆರಿಕ ತಲುಪಿದಾಗ ಶಾಲೆಗಳ ಅಂಗಳವೇ ಮಾರುಕಟ್ಟೆಯಾಯಿತು. ಅನೇಕ ಶಾಲೆಗಳು ಅವುಗಳನ್ನು ನಿಷೇಧಿಸಿದವು. ಅಪರೂಪದ ಕಾರ್ಡಿನ ಆಸೆ ಹುಟ್ಟಿಸಿ ಪೊಟ್ಟಣ ಮಾರುವುದು ಜೂಜಲ್ಲವೇ ಎಂದು ಅದೇ ವರ್ಷ ಕೆಲವು ತಂದೆ ತಾಯಿಯರು ನ್ಯಾಯಾಲಯದ ಮೆಟ್ಟಿಲೇರಿದರು. ಇಂಥ ಕಾರ್ಡುಗಳ ಮೊಕದ್ದಮೆಗಳಲ್ಲಿ 2002ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಕೊಂಡವರು ಕೊಟ್ಟ ಹಣಕ್ಕೆ ಕಾರ್ಡು ಪಡೆದಿದ್ದಾರೆ, ನಿರಾಶೆಯೊಂದೇ ನಷ್ಟವಾಗದು ಎಂಬ ನಿಲುವು ತಳೆಯಿತು. ಕಾನೂನಿನ ಬಾಗಿಲು ಮುಚ್ಚಿತು. ನೈತಿಕತೆಯ ಬಾಗಿಲು ಮುಚ್ಚಿತೇ?

2001ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ವಿದ್ವಾಂಸರು ಪೋಕೆಮಾನ್ ವಿರುದ್ಧ ಫತ್ವಾ ನೀಡಿದರು. ಅದರಲ್ಲಿ ಜೂಜಿನ ಹೋಲಿಕೆಯೂ ಕಾರಣವಾಗಿತ್ತು, ಕಾರ್ಡುಗಳ ಮೇಲಿನ ಚಿಹ್ನೆಗಳ ಬಗೆಗಿನ ಸಂಶಯವೂ ಕಾರಣವಾಗಿತ್ತು. ಅದೇ ಕಾಲಕ್ಕೆ 'ಪೋಕೆಮಾನ್' ಎಂಬುದಕ್ಕೆ ಇಸ್ಲಾಮ್ ವಿರೋಧಿ ಅರ್ಥವಿದೆಯೆಂಬ ವದಂತಿ ಅರಬ್ ನಾಡುಗಳಲ್ಲಿ ಹಬ್ಬಿತು. ಅದು ಶುದ್ಧ ಸುಳ್ಳು. 'ಪಾಕೆಟ್ ಮಾನ್‌ಸ್ಟರ್ಸ್' ಎಂಬ ಎರಡು ಪದಗಳನ್ನು ಜಪಾನಿಯರು ಮೊಟಕುಗೊಳಿಸಿದ ಹೆಸರದು. ಅಮೆರಿಕದಲ್ಲಿ ಕೆಲವು ಕ್ರೈಸ್ತ ಗುಂಪುಗಳು ಮ್ಯಾಜಿಕ್ ಆಟವನ್ನು ಸೈತಾನನ ಪೂಜೆಯೆಂದು ದೂರಿದ್ದೂ ಇದೇ ಬಗೆಯ ಅವಸರ. ಸುದ್ದಿ ಬಂದಾಗ ಪರೀಕ್ಷಿಸಿ ನೋಡಿರೆಂಬುದು ನಮಗೆ ಕಲಿಸಲಾದ ಪಾಠ. ವದಂತಿಯ ಗದ್ದಲದಲ್ಲಿ ನಿಜವಾದ ಪ್ರಶ್ನೆ ಮುಳುಗಿಹೋಗುತ್ತದೆ. ಚಿತ್ರದಲ್ಲಿ ಏನಿದೆ ಎಂಬುದಕ್ಕಿಂತ, ಮಗು ಏನನ್ನು ಕೊಳ್ಳುತ್ತಿದೆಯೆಂದು ತಿಳಿದು ಕೊಳ್ಳುತ್ತಿದೆಯೇ ಎಂಬುದು ದೊಡ್ಡ ಪ್ರಶ್ನೆ.

ಇದು ಸಣ್ಣ ಮಾತಲ್ಲ. 1993ರ ಪೊಟ್ಟಣದಲ್ಲಿದ್ದ 'ಬ್ಲ್ಯಾಕ್ ಲೋಟಸ್' ಎಂಬ ಕಾರ್ಡಿನ ಒಂದು ಪ್ರತಿ 2021ರಲ್ಲಿ 5 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಅದೇ ವರ್ಷ ಅಮೆರಿಕದ ದೊಡ್ಡ ಅಂಗಡಿಯೊಂದರ ಅಂಗಳದಲ್ಲಿ ಕಾರ್ಡಿಗಾಗಿ ಹೊಡೆದಾಟವಾಗಿ ಕೆಲವು ಕಾಲ ಮಾರಾಟವೇ ನಿಂತಿತು. ಮುಚ್ಚಿದ ಪೊಟ್ಟಣದ ಉಪಾಯ ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳಿಗೂ ನುಗ್ಗಿದ್ದರಿಂದ 2018ರಲ್ಲಿ ಬೆಲ್ಜಿಯಂ ಹಣ ಕೊಟ್ಟು ಕೊಳ್ಳುವ ಅಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ನಮ್ಮಲ್ಲಿ 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತ್ತು. ಆನ್‌ಲೈನ್ ರಮ್ಮಿ ಮನೆ ಮನೆಗೆ ಬಂದ ಮೇಲೆ 2025ರಲ್ಲಿ ಸಂಸತ್ತು ತಂದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಪಣವಿಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಸುತ್ತಿ ಬಳಸಿ ಕಾನೂನೂ ಪಣದ ಪ್ರಶ್ನೆಗೇ ಬಂದು ನಿಂತಿದೆ.

ವಿನಿಮಯದ ನ್ಯಾಯ

ಇನ್ನೊಂದು ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಈ ಆಟದ ಹೆಸರಿನಲ್ಲೇ 'ವ್ಯಾಪಾರ' ಇದೆ. ಬ್ಲ್ಯಾಕ್ ಲೋಟಸ್‌ನಲ್ಲಿರುವುದು ಒಂದು ಕಪ್ಪು ಹೂವಿನ ಚಿತ್ರ ಮಾತ್ರ. ಅದರ ಪಕ್ಕದಲ್ಲಿ ಬೆಂಕಿ ಉಗುಳುವ ದೊಡ್ಡ ಡ್ರ್ಯಾಗನ್ ಇಟ್ಟರೆ ಹೊಸಬ ಯಾವುದನ್ನು ಆರಿಸುತ್ತಾನೆ? ಡ್ರ್ಯಾಗನ್ನನ್ನೇ. ಬೆಲೆ ಬಲ್ಲವನು ಬೆಲೆ ಅರಿಯದವನೊಂದಿಗೆ ನಗುನಗುತ್ತಾ ಮಾಡುವ ಇಂಥ ವಿನಿಮಯದಲ್ಲಿ ಬಲಾತ್ಕಾರವಿಲ್ಲ, ಇಬ್ಬರ ಒಪ್ಪಿಗೆಯೂ ಇದೆ. ಆದರೂ ಅದು ನ್ಯಾಯವೇ?

ಸಂತೆಗೆ ಬರುತ್ತಿರುವ ವ್ಯಾಪಾರಿ ತಂಡಗಳನ್ನು ಊರ ಹೊರಗೆ ತಡೆದು, ಮಾರುಕಟ್ಟೆಯ ದರ ಅವರಿಗೆ ತಿಳಿಯುವ ಮೊದಲೇ ಸರಕು ಕೊಳ್ಳುವುದನ್ನು ಪ್ರವಾದಿ(ಸ) ವಿರೋಧಿಸಿದರು. ಆ ವ್ಯವಹಾರದಲ್ಲಿಯೂ ಒಪ್ಪಿಗೆ ಇತ್ತು. ಇಲ್ಲದಿದ್ದದ್ದು ತಿಳುವಳಿಕೆ. ಕಾರ್ಡು ಹಿಡಿದು ಮೊದಲ ದಿನ ಬಂದ ಹುಡುಗನೂ ಊರ ಹೊರಗೆ ನಿಂತ ವ್ಯಾಪಾರಿಯೇ. 'ನಿನ್ನ ಈ ಎಲೆಗೆ ಹೆಚ್ಚು ಬೆಲೆಯಿದೆ ಮಗಾ, ಕೇಳಿ ತಿಳಿದು ಆಮೇಲೆ ಕೊಡು' ಎಂದು ಹೇಳುವವನು ಅವನಿಗೆ ಆಟಕ್ಕಿಂತ ದೊಡ್ಡದನ್ನು ಕಲಿಸಿದಂತೆ.

ಆದ್ದರಿಂದ ಮಗುವಿನ ಕೈಯಲ್ಲಿ ಈ ಕಾರ್ಡು ಕಂಡ ಕೂಡಲೇ ಕಿತ್ತು ಎಸೆಯಬೇಕಾಗಿಲ್ಲ, ಕೇಳಿದಷ್ಟು ಪೊಟ್ಟಣ ತಂದುಕೊಟ್ಟು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಒಳಗಿರುವ ಎಲೆಗಳು ಮೊದಲೇ ಗೊತ್ತಿರುವ ಆರಂಭಿಕ ಕಟ್ಟುಗಳು ಸಿಗುತ್ತವೆ. ಎರಡು ಕಟ್ಟು, ಇಬ್ಬರು ಆಟಗಾರರು, ಮಗ್‌ರಿಬ್‌ಗೆ ಮುನ್ನ ಮುಗಿಯುವ ಒಂದು ಆಟ ಇಷ್ಟಿದ್ದರೆ ಕಲಿಯಲು ಸಾಕು. ಎದುರಿಗೆ ಕುಳಿತುಕೊಳ್ಳಲು ನಮಗೆ ಬಿಡುವಿದೆಯೇ? ನಾವು ಕುಳಿತುಕೊಳ್ಳದಿದ್ದರೆ ಆ ಜಾಗದಲ್ಲಿ ಇನ್ನಾರಾದರೂ ಬಂದು ಕುಳಿತುಕೊಳ್ಳುತ್ತಾರೆ. ಅವರು ಪಣ ಕೇಳದೆ ಇರಲಾರರು.