ಕಲ್ನಾರಿನ ಕಾಯಿಲೆ: ನಾಳೆಯ ವಿಮಾ ಪರಿಹಾರವನ್ನು ಇಂದು ಅಂದಾಜು ಮಾಡುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಣ್ಣಿನ ಮಾಳಿಗೆ ಇಳಿಸಿದ ಮನೆಗಳ ಮೇಲೆ, ದನದ ಕೊಟ್ಟಿಗೆಗಳ ಮೇಲೆ, ಸಂತೆಪೇಟೆಯ ಅಂಗಡಿಗಳ ಮೇಲೆ ಬೂದು ಬಣ್ಣದ ಅಲೆಅಲೆಯಾದ ಸಿಮೆಂಟ್ ಶೀಟು ಕಾಣುತ್ತದೆ. ಇಂಥ ಶೀಟನ್ನು ಗಟ್ಟಿಯಾಗಿ ಹಿಡಿದಿಡುವ ನಾರು ಹೆಚ್ಚಾಗಿ ಕಲ್ನಾರು. ಶೀಟು ತಯಾರಿಸುವವರು, ಕೊಯ್ಯುವವರು, ಒಡೆಯುವವರು ಉಸಿರಾಡಿದ ದೂಳು ಕಾಯಿಲೆಯಾಗಿ ಕಾಣಿಸಿಕೊಳ್ಳಲು ಹಲವು ದಶಕಗಳು ಬೇಕು. ಅಷ್ಟು ದೂರದ ಪರಿಹಾರದ ಮೊತ್ತವನ್ನು ವಿಮಾ ಸಂಸ್ಥೆಗಳು ಹೇಗೆ ಲೆಕ್ಕ ಹಾಕುತ್ತವೆ, ಆ ಲೆಕ್ಕ ಎಲ್ಲಿ ತಪ್ಪುತ್ತದೆ, ಗುಳೆ ಹೋಗುವ ಕಾರ್ಮಿಕ ಅದರಲ್ಲಿ ಏಕೆ ಕಾಣಿಸುವುದಿಲ್ಲ ಎಂಬುದು ಈ ಲೇಖನದ ವಿಷಯ.

ಕಲ್ನಾರು ಎಂದರೇನು

ನೆಲದೊಳಗೆ ನಾರಿನ ರೂಪದಲ್ಲಿ ದೊರೆಯುವ ಕೆಲವು ಸಿಲಿಕೇಟ್ ಖನಿಜಗಳಿಗೆ ಒಟ್ಟಾಗಿ ಕಲ್ನಾರು ಅಥವಾ ಆಸ್ಬೆಸ್ಟಾಸ್ ಎನ್ನುತ್ತಾರೆ. ಬಿಳಿ ಬಣ್ಣದ ಕ್ರೈಸೊಟೈಲ್, ಕಂದು ಬಣ್ಣದ ಅಮೊಸೈಟ್, ನೀಲಿ ಬಣ್ಣದ ಕ್ರೊಸಿಡೊಲೈಟ್ ಇವುಗಳಲ್ಲಿ ಮುಖ್ಯವಾದವು. ಕಲ್ನಾರು ಬೆಂಕಿಯಲ್ಲಿ ಸುಡುವುದಿಲ್ಲ, ಎಳೆದರೆ ಸುಲಭವಾಗಿ ತುಂಡಾಗುವುದಿಲ್ಲ, ಸಿಮೆಂಟಿನೊಂದಿಗೆ ಚೆನ್ನಾಗಿ ಬೆರೆಯುತ್ತದೆ. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಇದರ ನಿಕ್ಷೇಪಗಳಿವೆ. 1986ರಿಂದ ದೇಶದಲ್ಲಿ ಹೊಸ ಕಲ್ನಾರು ಗಣಿಗೆ ಗುತ್ತಿಗೆ ಕೊಡುವುದನ್ನು ನಿಲ್ಲಿಸಲಾಯಿತು. ಆದರೆ ಆಮದು ನಿಲ್ಲಲಿಲ್ಲ, ಶೀಟಿನ ತಯಾರಿಕೆಯೂ ನಿಲ್ಲಲಿಲ್ಲ.

ಈ ನಾರು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಒಡೆದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಅಲ್ಲಿ ಉಳಿದ ಎಳೆಗಳಿಂದ ಮೂರು ದೊಡ್ಡ ಕಾಯಿಲೆಗಳು ಬರುತ್ತವೆ. ಶ್ವಾಸಕೋಶ ಗಡುಸಾಗಿ ಉಸಿರು ಕಟ್ಟುವುದು ಆಸ್ಬೆಸ್ಟೋಸಿಸ್. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್. ಬೀಡಿ, ಸಿಗರೇಟು ಸೇದುವವರಲ್ಲಿ ಇದರ ಅಪಾಯ ಹಲವು ಪಟ್ಟು ಏರುತ್ತದೆ. ಮೂರನೆಯದು ಮೀಸೋಥೀಲಿಯೋಮ, ಅಂದರೆ ಶ್ವಾಸಕೋಶವನ್ನೋ ಹೊಟ್ಟೆಯ ಒಳಭಾಗವನ್ನೋ ಆವರಿಸಿದ ಪೊರೆಯ ಕ್ಯಾನ್ಸರ್. ಈ ಕ್ಯಾನ್ಸರಿಗೂ ನೀಲಿ ಕಲ್ನಾರಿಗೂ ಇರುವ ನಂಟನ್ನು ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಕೆಲಸದ ಸ್ಥಳದಲ್ಲಿ ಕಲ್ನಾರಿನ ಸಂಪರ್ಕಕ್ಕೆ ಬಂದ ಕಾರಣದಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ.

ದೂಳು ಒಳಹೊಕ್ಕ ದಿನಕ್ಕೂ ಕಾಯಿಲೆ ಹೊರಬೀಳುವ ದಿನಕ್ಕೂ ನಡುವಿನ ಅವಧಿಯನ್ನು ಸುಪ್ತಾವಧಿ ಎನ್ನುತ್ತಾರೆ. ಮೀಸೋಥೀಲಿಯೋಮದಲ್ಲಿ ಇದು ಸಾಮಾನ್ಯವಾಗಿ 20ರಿಂದ 50 ವರ್ಷ.

ಬೆಳೆ ವಿಮೆಗೂ ಇದಕ್ಕೂ ಇರುವ ಅಂತರ

ಈ ಐದು ತಾಲ್ಲೂಕುಗಳ ರೈತರಿಗೆ ವಿಮೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಹೊಲಗಳ ನಷ್ಟಕ್ಕೆ ಬೆಳೆ ವಿಮೆಯ ಹಣ ಯಾವಾಗ ಬರುತ್ತದೆಂದು ಅವರು ಕಾಯುತ್ತಾರೆ. ಅಲ್ಲಿ ಬಿತ್ತನೆ, ಬೆಳೆ ಕಟಾವು ಪ್ರಯೋಗ, ಇಳುವರಿಯ ಲೆಕ್ಕ ಎಲ್ಲವೂ ಒಂದು ಹಂಗಾಮಿನೊಳಗೆ ಮುಗಿಯುತ್ತವೆ. ಹಣ ತಡವಾದರೂ ನಷ್ಟ ಎಷ್ಟೆಂಬುದು ಬೇಗ ತಿಳಿಯುತ್ತದೆ. ಕಲ್ನಾರಿನಲ್ಲಿ ಹಾಗಲ್ಲ. 1995ರಲ್ಲಿ ಪ್ರೀಮಿಯಂ ಕಟ್ಟಿಸಿಕೊಂಡ ಸಂಸ್ಥೆಯ ಮುಂದೆ 2035ರಲ್ಲಿ ಕ್ಲೇಮು ಬರಬಹುದು. ಅಷ್ಟು ಹೊತ್ತಿಗೆ ಕಾರ್ಖಾನೆ ಮುಚ್ಚಿರಬಹುದು, ಕಾರ್ಮಿಕ ಊರು ಸೇರಿರಬಹುದು, ಪಾಲಿಸಿಯ ಕಾಗದ ಗೆದ್ದಲು ಹಿಡಿದಿರಬಹುದು.

ನಷ್ಟ ಆಗಿಹೋಗಿದೆ, ಆದರೆ ಇನ್ನೂ ವರದಿಯಾಗಿಲ್ಲ. ಇಂಥ ಹೊಣೆಗೆ ವಿಮಾ ಲೋಕದಲ್ಲಿ ಐಬಿಎನ್‌ಆರ್ ಎಂಬ ಹೆಸರಿದೆ. ವಾಹನ ವಿಮೆಯಲ್ಲಿ ಹಿಂದಿನ ಕೆಲವು ವರ್ಷಗಳ ಕ್ಲೇಮುಗಳು ಬಂದ ವೇಗವನ್ನು ನೋಡಿ ಇದನ್ನು ಅಂದಾಜು ಮಾಡುತ್ತಾರೆ. ಕಲ್ನಾರಿಗೆ ಹಿಂದಿನ ವೇಗ ದಾರಿ ತೋರಿಸದು; ಮೊದಲ 20 ವರ್ಷ ಏನೂ ಬಾರದೆ, ನಂತರ ಒಮ್ಮೆಲೇ ಏರುವ ಕ್ಲೇಮು ಇದು. ಆದ್ದರಿಂದ ವಿಮಾ ಗಣಿತಜ್ಞರು, ಅಂದರೆ ಆಕ್ಚುಯರಿಗಳು, ಲೆಕ್ಕವನ್ನು ಪಾಲಿಸಿಗಳಿಂದಲ್ಲದೆ ಮನುಷ್ಯರಿಂದ ಆರಂಭಿಸುತ್ತಾರೆ.

ಅಂದಾಜು ಕಟ್ಟುವ ಕ್ರಮ

ಮೊದಲ ಪ್ರಶ್ನೆ, ದೂಳಿಗೆ ಒಡ್ಡಿಕೊಂಡವರು ಯಾರು ಎಂಬುದು. ಯಾವ ವರ್ಷಗಳಲ್ಲಿ, ಯಾವ ವಯಸ್ಸಿನ ಎಷ್ಟು ಜನ, ಯಾವ ಕೆಲಸದಲ್ಲಿ, ಎಷ್ಟು ದೂಳಿನ ನಡುವೆ ಇದ್ದರು ಎಂಬ ಪಟ್ಟಿ ಬೇಕು. ಪಟ್ಟಿ ಸಿಗದಿದ್ದರೆ ದೇಶ ಆಮದು ಮಾಡಿಕೊಂಡ ಕಲ್ನಾರಿನ ಟನ್ನುಗಳ ಲೆಕ್ಕವನ್ನೇ ಅದರ ಬದಲಿಗೆ ಇಟ್ಟುಕೊಳ್ಳುತ್ತಾರೆ. ಪಟ್ಟಿಯಲ್ಲಿರುವ ಎಲ್ಲರೂ ಕಾಯಿಲೆ ಬರುವವರೆಗೆ ಬದುಕಿರುವುದಿಲ್ಲ. ಆದ್ದರಿಂದ ಸಾಮಾನ್ಯ ಮರಣ ಪ್ರಮಾಣವನ್ನು ಬಳಸಿ ಪ್ರತಿ ವರ್ಷ ಉಳಿಯುವವರ ಸಂಖ್ಯೆಯನ್ನು ತೆಗೆಯುತ್ತಾರೆ.

ಎರಡನೆಯದು ಕಾಯಿಲೆಯ ಪ್ರಮಾಣ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಜೂಲಿಯನ್ ಪೀಟೊ ಮತ್ತು ಇತರರ ಅಧ್ಯಯನಗಳು ತೋರಿಸಿದಂತೆ, ಮೀಸೋಥೀಲಿಯೋಮದ ಅಪಾಯ ಮೊದಲ ಸಂಪರ್ಕದಿಂದ ಕಳೆದ ಕಾಲದ ಮೂರು ಅಥವಾ ನಾಲ್ಕನೆಯ ಘಾತದಂತೆ ಏರುತ್ತದೆ. ಕಾಲ ಎರಡು ಪಟ್ಟಾದರೆ ಅಪಾಯ ಎಂಟರಿಂದ ಹದಿನಾರು ಪಟ್ಟಾಗುತ್ತದೆ. 18ನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದವನಿಗೆ 38ರಲ್ಲಿ ಇರುವ ಅಪಾಯವನ್ನು ಒಂದು ಎಂದಿಟ್ಟುಕೊಂಡರೆ, 58ರಲ್ಲಿ ಅದು ಕನಿಷ್ಠ ಎಂಟು. ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಈ ಏರಿಕೆ ನಿಲ್ಲುವುದಿಲ್ಲ. ಎಳೆಯ ವಯಸ್ಸಿನಲ್ಲಿ ಸೇರಿದವರೇ ಹೆಚ್ಚು ಅಪಾಯದಲ್ಲಿರುವುದು ಈ ಕಾರಣಕ್ಕೆ.

ಮೂರನೆಯದು ಕಾಯಿಲೆ ಬಿದ್ದವರಲ್ಲಿ ಎಷ್ಟು ಜನ ಕ್ಲೇಮು ಹಾಕುತ್ತಾರೆ ಎಂಬುದು. ಇಡೀ ಲೆಕ್ಕದಲ್ಲಿ ಅತ್ಯಂತ ಅಸ್ಥಿರವಾದ ಅಂಶ ಇದೇ, ಏಕೆಂದರೆ ಇದು ದೇಹದ ನಿಯಮವಲ್ಲ. ವೈದ್ಯರು ರೋಗವನ್ನು ಗುರುತಿಸಿದರೆ, ವಕೀಲರು ಸಿಕ್ಕರೆ, ಸಂಘ ಬೆನ್ನಿಗಿದ್ದರೆ ಸಂಖ್ಯೆ ಏರುತ್ತದೆ, ಇಲ್ಲದಿದ್ದರೆ ಇಲ್ಲ.

ಕೊನೆಗೆ ಒಂದೊಂದು ಕ್ಲೇಮಿನ ಬೆಲೆ. ವೇತನ, ಆಸ್ಪತ್ರೆಯ ವೆಚ್ಚಗಳ ಏರಿಕೆಯನ್ನು ಮೊದಲು ಸೇರಿಸಿ, ಬಳಿಕ ಇಂದು ತೆಗೆದಿಟ್ಟ ಹಣಕ್ಕೆ ಬರುವ ಬಡ್ಡಿಯನ್ನು ಕಳೆಯುತ್ತಾರೆ. 30 ವರ್ಷದ ನಂತರ ಕೊಡಬೇಕಾದ 10 ಲಕ್ಷ ರೂಪಾಯಿಗೆ, ವರ್ಷಕ್ಕೆ ಶೇ 7ರ ಬಡ್ಡಿಯಾದರೆ, ಇಂದು ಸುಮಾರು 1 ಲಕ್ಷ 31 ಸಾವಿರ ರೂಪಾಯಿ ತೆಗೆದಿಟ್ಟರೆ ಸಾಕು. ಬಡ್ಡಿ ಶೇ 5 ಎಂದು ಹಿಡಿದರೆ ಅದೇ ಹೊಣೆಗೆ 2 ಲಕ್ಷ 31 ಸಾವಿರ ಬೇಕಾಗುತ್ತದೆ. ಎರಡೇ ಅಂಶದ ವ್ಯತ್ಯಾಸಕ್ಕೆ ಮೊತ್ತ ಇಷ್ಟು ಜಿಗಿಯುವುದರಿಂದ ಎಚ್ಚರದ ಆಕ್ಚುಯರಿ ಎಂದೂ ಒಂದೇ ಸಂಖ್ಯೆ ಕೊಡುವುದಿಲ್ಲ. ಕನಿಷ್ಠ, ಮಧ್ಯಮ, ಗರಿಷ್ಠ ಎಂದು ಮೂರನ್ನಾದರೂ ಕೊಡುತ್ತಾರೆ.

ಲೆಕ್ಕ ತಪ್ಪಿದ ಉದಾಹರಣೆಗಳು

ಅಮೆರಿಕದ ಜಾನ್ಸ್-ಮ್ಯಾನ್‌ವಿಲ್ ಕಂಪನಿ ಕಲ್ನಾರು ಉದ್ಯಮದ ದೈತ್ಯ. ದಾವೆಗಳ ಭಾರ ತಾಳಲಾರದೆ ಅದು 1982ರ ಆಗಸ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ರೋಗಿಗಳಿಗೆ ಪರಿಹಾರ ಕೊಡಲೆಂದು 1988ರಲ್ಲಿ ಒಂದು ಟ್ರಸ್ಟ್ ಕಾರ್ಯಾರಂಭ ಮಾಡಿತು. ಹೆಚ್ಚೆಂದರೆ ಒಂದು ಲಕ್ಷದಷ್ಟು ಕ್ಲೇಮುಗಳು ಬಂದಾವು ಎಂಬುದು ಅದರ ಆರಂಭದ ಅಂದಾಜು. ಕೆಲವೇ ವರ್ಷಗಳಲ್ಲಿ ಆ ಗಡಿ ದಾಟಿಹೋಯಿತು. 1995ರ ಹೊತ್ತಿಗೆ ಟ್ರಸ್ಟ್ ನಿಗದಿಯಾದ ಮೊತ್ತದ ಶೇ 10ನ್ನು ಮಾತ್ರ ಕೊಡುವ ಸ್ಥಿತಿಗೆ ಬಂತು. 2001ರಲ್ಲಿ ಅದು ಶೇ 5ಕ್ಕೆ ಇಳಿಯಿತು. ಅಂದಾಜು ತಪ್ಪಿದಾಗ ತಡವಾಗಿ ಕಾಯಿಲೆ ಬಿದ್ದವರ ಪಾಲಿಗೆ ಉಳಿದದ್ದು ನೂರು ರೂಪಾಯಿಗೆ ಐದು ರೂಪಾಯಿ ಎಂಬಂಥ ಹಣ.

ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯೂ ಇಂಥ ಹಳೆಯ ಪಾಲಿಸಿಗಳಿಂದ ಕುಸಿಯುವ ಹಂತಕ್ಕೆ ಬಂದಿತ್ತು. ಹಳೆಯ ಹೊಣೆಗಳನ್ನೆಲ್ಲ ಬೇರ್ಪಡಿಸಿ 1996ರಲ್ಲಿ ಈಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಿದ ಮೇಲೆ ಅದು ಚೇತರಿಸಿಕೊಂಡಿತು.

ತಪ್ಪು ಇನ್ನೊಂದು ದಿಕ್ಕಿಗೂ ಆಗಬಹುದು. ಬ್ರಿಟನ್ನಿನಲ್ಲಿ 2020ರ ಸುಮಾರಿಗೆ ಮೀಸೋಥೀಲಿಯೋಮದಿಂದ ವರ್ಷಕ್ಕೆ 2,700ರಿಂದ 3,300 ಪುರುಷರು ಸಾಯಬಹುದೆಂದು ಪೀಟೊ ಮತ್ತು ಸಂಗಡಿಗರು 1995ರಲ್ಲಿ ಅಂದಾಜಿಸಿದ್ದರು. ನಿಜವಾದ ಸಾವುಗಳು ಹೆಂಗಸರೂ ಸೇರಿ ವರ್ಷಕ್ಕೆ ಸುಮಾರು 2,500ರ ಆಸುಪಾಸಿನಲ್ಲಿ ನಿಂತವು. ಹಾಗೆಂದು ಮೊದಲ ಅಂದಾಜು ವ್ಯರ್ಥವಾಗಲಿಲ್ಲ. ಸಾವುಗಳನ್ನು ವರ್ಷ ವರ್ಷ ಎಣಿಸುತ್ತಿದ್ದುದರಿಂದ ಲೆಕ್ಕವನ್ನು ತಿದ್ದಿಕೊಳ್ಳುವುದು ಅಲ್ಲಿ ಸಾಧ್ಯವಾಯಿತು. ಎಣಿಕೆಯೇ ಇಲ್ಲದ ಕಡೆ ತಿದ್ದುವುದಕ್ಕೂ ಆಧಾರವಿಲ್ಲ.

ಭಾರತದ ಕಾನೂನು ಮತ್ತು ಎರಡು ವರ್ಷದ ಗಡಿ

ಆಸ್ಬೆಸ್ಟೋಸಿಸ್ 1923ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿಯೂ 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯಿದೆಯಲ್ಲಿಯೂ ಔದ್ಯೋಗಿಕ ಕಾಯಿಲೆಯೆಂದು ನಮೂದಾಗಿತ್ತು. ಅವುಗಳ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥ ಕಾಯಿಲೆಗಳ ಪಟ್ಟಿಯನ್ನು ಉಳಿಸಿಕೊಂಡಿದೆ.

ಪರಿಹಾರದ ಸೂತ್ರ ಸರಳ. ಕಾರ್ಮಿಕ ಸತ್ತರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 2020ರಲ್ಲಿ ಗೊತ್ತುಪಡಿಸಿದಂತೆ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ. 40 ವರ್ಷದವನ ಗುಣಕ 184.17, ಪರಿಹಾರ 13,81,275 ರೂಪಾಯಿ. 60 ವರ್ಷದವನ ಗುಣಕ 117.41, ಪರಿಹಾರ 8,80,575 ರೂಪಾಯಿ. ಅಪಘಾತದ ಮಟ್ಟಿಗೆ ಇದಕ್ಕೊಂದು ತರ್ಕವಿದೆ. ಆದರೆ ಯೌವನದಲ್ಲಿ ನುಂಗಿದ ದೂಳು ಮುಪ್ಪಿನಲ್ಲಿ ಕೊಲ್ಲುವ ಕಾಯಿಲೆಯಲ್ಲಿ ಈ ಸೂತ್ರ ತಡವನ್ನೇ ರಿಯಾಯಿತಿಯಾಗಿಸುತ್ತದೆ.

ಇನ್ನೂ ಗಂಭೀರವಾದದ್ದು 1923ರ ಕಾಯಿದೆಯ 10ನೆಯ ಕಲಮು. ಕೆಲಸ ಬಿಟ್ಟ ಎರಡು ವರ್ಷದೊಳಗೆ ಕಾಯಿಲೆಯ ಲಕ್ಷಣ ಕಂಡರೆ ಆ ದಿನವನ್ನೇ ಅಪಘಾತದ ದಿನವೆಂದು ಭಾವಿಸುವ ಅನುಕೂಲ ಅದರಲ್ಲಿತ್ತು. ತಕ್ಕ ಕಾರಣವಿದ್ದರೆ ಅರ್ಜಿಯ ವಿಳಂಬವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗೆ ಇತ್ತು. ಹಾಗಿದ್ದರೂ ಕಾನೂನಿನ ಎರಡು ವರ್ಷಕ್ಕೂ ದೇಹದ ಮೂವತ್ತು ವರ್ಷಕ್ಕೂ ನಡುವಿನ ಕಂದಕ ದೊಡ್ಡದು.

ಈ ಕಂದಕವನ್ನು ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು, ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಅರ್ಜಿಯ ಮೇಲೆ ಕೊಟ್ಟ ತೀರ್ಪಿನಲ್ಲಿ ಗುರುತಿಸಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಮುಗಿದ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಅದು ಆಜ್ಞಾಪಿಸಿತು. ಎಲ್ಲ ಕಾರ್ಮಿಕರನ್ನೂ ವಿಮೆಯ ವ್ಯಾಪ್ತಿಗೆ ತರಬೇಕೆಂದೂ ಹೇಳಿತು. ಅಂದಾಜಿನ ಮೊದಲ ಪ್ರಶ್ನೆಗೆ, ಅಂದರೆ ದೂಳಿಗೆ ಒಡ್ಡಿಕೊಂಡವರು ಯಾರು ಎಂಬುದಕ್ಕೆ, ಉತ್ತರ ಕೊಡಬಲ್ಲ ದಾಖಲೆ ಇದೇ.

ಐದು ತಾಲ್ಲೂಕುಗಳ ಲೆಕ್ಕ

ಆದರೆ ಆ ತೀರ್ಪಿನ ರಕ್ಷಣೆ ಕಾರ್ಖಾನೆಯ ಗೇಟಿನವರೆಗೆ. ಈ ತಾಲ್ಲೂಕುಗಳ ದುಡಿಯುವ ಜನ ಹಿಂಗಾರು ಮುಗಿಯುತ್ತಲೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಕಟ್ಟಡದ ಕೆಲಸದಲ್ಲಿ ಕಲ್ನಾರಿನ ಸಂಪರ್ಕ ಹೀಗೆ ನಡೆಯುತ್ತದೆ: ಎರಡು ಕಲ್ಲಿನ ಮೇಲೆ ಶೀಟು ಇಟ್ಟು, ಒಬ್ಬ ಅಂಚನ್ನು ಒತ್ತಿ ಹಿಡಿಯುತ್ತಾನೆ; ಇನ್ನೊಬ್ಬ ಕಟಿಂಗ್ ಮಷೀನಿನಿಂದ ಕೊಯ್ಯುತ್ತಾನೆ. ಬಿಳಿ ದೂಳು ಎದ್ದು ಹುಬ್ಬಿನ ಮೇಲೆ, ಮೂಗಿಗೆ ಕಟ್ಟಿದ ಟವೆಲ್ಲಿನ ಮೇಲೆ ಕೂರುತ್ತದೆ. ಆ ಬಟ್ಟೆ ಇಂಥ ಎಳೆಯನ್ನು ತಡೆಯಲಾರದು. ಸಂಜೆ ಶೆಡ್ಡಿನಲ್ಲಿ ಅದೇ ಅಂಗಿ, ಲುಂಗಿಗಳನ್ನು ಕೊಡವಿ ಒಗೆಯುವ ಹೆಣ್ಣುಮಗಳ ಉಸಿರಿಗೂ ದೂಳು ಸೇರುತ್ತದೆ. ಕೆಲಸ ನಾಲ್ಕು ದಿನದ್ದು. ಮೇಸ್ತ್ರಿ ಕೂಲಿಯನ್ನು ಕೈಗೆ ಕೊಡುತ್ತಾನೆ. ಹಾಜರಿ ಪುಸ್ತಕ ಉಳಿಯುವುದಿಲ್ಲ.

ಲೆಕ್ಕ ಇಡಬಹುದಾಗಿದ್ದ ಬೇರೆ ಕಡೆಗಳಲ್ಲೂ ಈ ಜನ ಜಾರಿಹೋಗುತ್ತಾರೆ. 2011ರ ಜನಗಣತಿ ಮನೆಯ ಚಾವಣಿಯನ್ನು ಕೇಳಿತು. ಆದರೆ ತಗಡು, ಲೋಹ, ಕಲ್ನಾರಿನ ಶೀಟು ಮೂರನ್ನೂ ಒಂದೇ ಕಲಂನಲ್ಲಿ ಸೇರಿಸಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಡೆಸುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ಇದೆ. ಅದು ಎಣಿಸುವುದು ಬೆಂಗಳೂರು ನಗರದ ನಿವಾಸಿಗಳನ್ನು. ನಗರದಲ್ಲಿ ದೂಳು ಕುಡಿದು ಕೂಡ್ಲಿಗಿಯ ಹಳ್ಳಿಯಲ್ಲಿ ಕಾಯಿಲೆ ಬಿದ್ದವನು ಆ ಎಣಿಕೆಗೆ ಸೇರುವುದಿಲ್ಲ. ಊರಿನಲ್ಲಿ ಕೆಮ್ಮು, ಏದುಸಿರು, ತೂಕ ಇಳಿಕೆ ಕಂಡರೆ ಮೊದಲು ಬರುವ ಸಂಶಯ ಕ್ಷಯ. ಕಲ್ಲು ಕ್ವಾರಿ, ಗಣಿಗಳ ಸಿಲಿಕೋಸಿಸ್ ರೋಗಿಗಳೂ ಇದೇ ಗೊಂದಲಕ್ಕೆ ಸಿಲುಕುತ್ತಾರೆ.

ಹೀಗಾಗಿ ಈ ಐದು ತಾಲ್ಲೂಕುಗಳಿಂದ ಬರಬಹುದಾದ ಕ್ಲೇಮುಗಳನ್ನು ದಾಖಲೆಯಿಂದ ಅಂದಾಜಿಸಿದರೆ ಸೊನ್ನೆಯ ಹತ್ತಿರದ ಸಂಖ್ಯೆ ಬರುತ್ತದೆ. ಅದು ಕಾಯಿಲೆ ಇಲ್ಲವೆಂಬ ಸೊನ್ನೆಯಲ್ಲ, ಹೆಸರು ಬರೆದುಕೊಂಡಿಲ್ಲವೆಂಬ ಸೊನ್ನೆ. ಅದನ್ನು ಆಧಾರವಾಗಿ ಹಿಡಿದ ಯಾವ ವಿಮಾ ನಿಧಿಯೂ ಸರಿಯಾದ ನಿಧಿಯಲ್ಲ.

ಅಂದಾಜಿನ ಬಳಕೆ ಮತ್ತು ಕಾರ್ಮಿಕರ ದಾಖಲೆ

ಪ್ರೀಮಿಯಂ ನಿಗದಿ, ವಿಮಾ ಸಂಸ್ಥೆಯ ಮೀಸಲು ನಿಧಿ, ಕಂಪನಿಗಳ ಮಾರಾಟದ ವೇಳೆ ಹಳೆಯ ಹೊಣೆಯ ಮೌಲ್ಯಮಾಪನ, ಸರ್ಕಾರದ ಪರಿಹಾರ ಯೋಜನೆ, ಎಲ್ಲೆಡೆಯೂ ಈ ಅಂದಾಜು ಬಳಕೆಯಾಗುತ್ತದೆ. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್ ಮೊದಲಾದ ದೂಳಿನ ಕಾಯಿಲೆಗಳಿಗೆ ಪ್ರತ್ಯೇಕ ನೀತಿ ತಂದು, ಪ್ರಮಾಣಪತ್ರ ಸಿಕ್ಕ ರೋಗಿಗೆ 3 ಲಕ್ಷ ರೂಪಾಯಿ, ಸತ್ತ ಮೇಲೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ನೆರವು ಗೊತ್ತುಪಡಿಸಿತು. ಕರ್ನಾಟಕವೂ ಇಂಥದೊಂದನ್ನು ರೂಪಿಸುವುದಾದರೆ ಮೊದಲು ಬೇಕಾಗುವುದು ಹೆಸರು, ಊರು, ಕೆಲಸ, ವರ್ಷಗಳ ಪಟ್ಟಿ.

ಅದಕ್ಕೆ ಒಂದು ಬುನಾದಿ ಈಗಾಗಲೇ ಇದೆ. 2007ರಲ್ಲಿ ಆರಂಭವಾದ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಹೆಸರು ನೋಂದಾಯಿಸಿ ಕಾರ್ಡು ಪಡೆಯಬಹುದು. ಗುಳೆ ಹೋಗಿ ಬಂದವರು ಆ ಕಾರ್ಡನ್ನು ನವೀಕರಿಸಿಕೊಳ್ಳಲಿ. ಯಾವ ವರ್ಷ ಯಾವ ಊರಿನಲ್ಲಿ ಯಾವ ಮೇಸ್ತ್ರಿಯ ಕೈಕೆಳಗೆ ಶೀಟಿನ ಕೆಲಸ ಮಾಡಿದೆವೆಂದು ಮಕ್ಕಳ ನೋಟ್‌ಬುಕ್ಕಿನಲ್ಲಾದರೂ ಬರೆಸಿಡಲಿ. ಎದೆಯ ಎಕ್ಸ್‌ರೇ, ಆಸ್ಪತ್ರೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಲಿ. ವೈದ್ಯರ ಮುಂದೆ ಕೆಮ್ಮಿನ ಜೊತೆಗೆ ಹಿಂದೆ ಮಾಡಿದ ಕೆಲಸವನ್ನೂ ಹೇಳಲಿ. ಮನೆಯ ಮೇಲಿನ ಗಟ್ಟಿಯಾದ ಶೀಟನ್ನು ಕೆದಕುವ ಅಗತ್ಯವಿಲ್ಲ. ಅದನ್ನು ಕೊಯ್ಯುವುದು, ಉಜ್ಜುವುದು, ಒಡೆದು ಹಿತ್ತಲಿಗೆ ಹಾಕುವುದು ಬೇಡ. ತೆಗೆಯಲೇಬೇಕಾದರೆ ನೀರಿನಿಂದ ನೆನೆಸಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು.