ಗುಜರಿ ಲ್ಯಾಪ್‌ಟಾಪಿನ ಪರದೆಗೆ ಮರುಜೀವ ನೀಡುವ ಕಂಟ್ರೋಲರ್ ಬೋರ್ಡ್

ಲ್ಯಾಪ್‌ಟಾಪ್ ಕೆಟ್ಟು ಮೂಲೆ ಸೇರಿದಾಗ ಅನೇಕ ವೇಳೆ ಕೆಟ್ಟಿರುವುದು ಮದರ್‌ಬೋರ್ಡ್ ಅಥವಾ ಬ್ಯಾಟರಿ ಮಾತ್ರ. ಪರದೆ ಸುಸ್ಥಿತಿಯಲ್ಲಿಯೇ ಇರುತ್ತದೆ. ಅಂತಹ ಪರದೆಗೆ ಕಂಟ್ರೋಲರ್ ಬೋರ್ಡ್ (ಅಡಾಪ್ಟರ್ ಬೋರ್ಡ್ ಎಂದೂ ಕರೆಯುತ್ತಾರೆ) ಜೋಡಿಸಿ ಅದನ್ನು ಸ್ವತಂತ್ರ ಮಾನಿಟರ್ ಆಗಿ ಬಳಸಬಹುದಾಗಿದೆ. ಆದರೆ ಪರದೆಯ ಅಳತೆಯನ್ನಷ್ಟೇ ನೋಡಿ ಬೋರ್ಡ್ ಕೊಂಡರೆ ಹಣದ ಜೊತೆಗೆ ಪರದೆಯೂ ಹಾಳಾಗುವ ಅಪಾಯವಿದೆ.

ಬೋರ್ಡ್ ಏಕೆ ಬೇಕು?

ಸಾಮಾನ್ಯ ಮಾನಿಟರಿನೊಳಗೆ ಚಿತ್ರ ಮೂಡಿಸುವ ಪ್ಯಾನೆಲ್ ಮತ್ತು ಹೊರಗಿನ ಸಂಕೇತವನ್ನು ಅದಕ್ಕೆ ಹೊಂದಿಸುವ ಬೋರ್ಡ್ ಎರಡೂ ಇರುತ್ತವೆ. ಲ್ಯಾಪ್‌ಟಾಪಿನಲ್ಲಿ ಈ ಬೋರ್ಡ್ ಇರುವುದಿಲ್ಲ; ಮದರ್‌ಬೋರ್ಡ್ ನೇರವಾಗಿ ಪ್ಯಾನೆಲ್‌ಗೆ ಸಂಕೇತ ಕಳುಹಿಸುತ್ತದೆ. ಹಳೆಯ ಮಾದರಿಗಳಲ್ಲಿ ಈ ಸಂಕೇತ ಎಲ್‌ವಿಡಿಎಸ್ ಪದ್ಧತಿಯದಾಗಿತ್ತು. 2008ರಲ್ಲಿ ವೆಸಾ ಸಂಸ್ಥೆಯು ಇಡಿಪಿ ಪದ್ಧತಿಯನ್ನು ರೂಪಿಸಿದ ನಂತರ ಅದು ಕ್ರಮೇಣ ಬಳಕೆಗೆ ಬಂದಿತು. ವಿಜಿಎ ಅಥವಾ ಎಚ್‌ಡಿಎಂಐ ಕೇಬಲ್ ಇವೆರಡಕ್ಕೂ ನೇರವಾಗಿ ಹೊಂದುವುದಿಲ್ಲ. ಕಂಟ್ರೋಲರ್ ಬೋರ್ಡಿನಲ್ಲಿರುವ ಸ್ಕೇಲರ್ ಚಿಪ್ ಹೊರಗಿನಿಂದ ಬಂದ ಚಿತ್ರವನ್ನು ಪ್ಯಾನೆಲ್‌ನ ಅಳತೆಗೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಅದಕ್ಕೆ ತಿಳಿಯುವ ಸಂಕೇತವಾಗಿ ಪರಿವರ್ತಿಸುತ್ತದೆ.

ಹಿಂಬದಿಯ ಚೀಟಿಯೇ ಆಧಾರ

ಪ್ಯಾನೆಲ್‌ನ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಅದರ ಮಾದರಿ ಸಂಖ್ಯೆ ಇರುತ್ತದೆ. ಉದಾಹರಣೆಗೆ, ಎಲ್‌ಜಿ ಕಂಪನಿಯ ಎಲ್‌ಪಿ156ಡಬ್ಲ್ಯುಎಚ್4 ಎಂಬುದು 15.6 ಅಂಗುಲದ, 1366×768 ಪಿಕ್ಸೆಲ್‌ಗಳ ಪ್ಯಾನೆಲ್. ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು. ಒಂದೇ ಮಾದರಿಯ ಲ್ಯಾಪ್‌ಟಾಪಿಗೆ ಬೇರೆ ಬೇರೆ ಕಂಪನಿಗಳ ಪ್ಯಾನೆಲ್ ಅಳವಡಿಸಿರುವುದುಂಟು. ಈ ಸಂಖ್ಯೆಯ ಆಧಾರದಲ್ಲಿ ನಾಲ್ಕು ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

* ಸಂಕೇತ: ಎಲ್‌ವಿಡಿಎಸ್ ಅಥವಾ ಇಡಿಪಿ. ಒಂದರ ಬೋರ್ಡ್ ಮತ್ತೊಂದಕ್ಕೆ ಹೊಂದದು. ಪಿನ್‌ಗಳ ಸಂಖ್ಯೆ ಒಂದೇ ಇದ್ದರೂ ಒಳಜೋಡಣೆ ಬೇರೆಯಾಗಿರಬಹುದು.
* ರೆಸಲ್ಯೂಶನ್: ಬೋರ್ಡಿನ ತಂತ್ರಾಂಶ ಇದಕ್ಕೆ ಸರಿಹೊಂದಿರಬೇಕು. ಇಲ್ಲವಾದರೆ ಚಿತ್ರ ಒಡೆದಂತೆ ಕಾಣುತ್ತದೆ ಇಲ್ಲವೇ ಮೂಡುವುದೇ ಇಲ್ಲ.
* ವೋಲ್ಟೇಜ್: ಲ್ಯಾಪ್‌ಟಾಪ್ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 3.3 ವೋಲ್ಟ್, ಡೆಸ್ಕ್‌ಟಾಪ್ ಮಾನಿಟರ್ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 5 ವೋಲ್ಟ್. ಅನೇಕ ಬೋರ್ಡ್‌ಗಳಲ್ಲಿ ಇದನ್ನು ಜಂಪರ್ ಮೂಲಕ ಆರಿಸಬೇಕಾಗುತ್ತದೆ. ಇಲ್ಲಿ ತಪ್ಪಿದರೆ ಪ್ಯಾನೆಲ್ ಸುಟ್ಟುಹೋಗಬಹುದು.
* ಬ್ಯಾಕ್‌ಲೈಟ್: ಎಲ್‌ಇಡಿ ಅಥವಾ ಹಳೆಯ ಸಿಸಿಎಫ್‌ಎಲ್ ದೀಪ.

ಎಚ್ಚರಿಕೆ ಅಗತ್ಯ

ಸಿಸಿಎಫ್‌ಎಲ್ ದೀಪಕ್ಕೆ ಇನ್ವರ್ಟರ್ ಎಂಬ ಪ್ರತ್ಯೇಕ ಬೋರ್ಡ್ ಬೇಕು. ಅದು ನೂರಾರು ವೋಲ್ಟ್ ಉತ್ಪಾದಿಸುವುದರಿಂದ ಚಾಲನೆಯಲ್ಲಿರುವಾಗ ಮುಟ್ಟಬಾರದು. ಈ ತೆಳು ಗಾಜಿನ ದೀಪದೊಳಗೆ ಪಾದರಸವೂ ಇರುತ್ತದೆ. ಕೇಬಲ್ ಜೋಡಿಸುವ ಅಥವಾ ಜಂಪರ್ ಬದಲಿಸುವ ಮುನ್ನ ವಿದ್ಯುತ್ ಸಂಪರ್ಕ ತೆಗೆಯುವುದು ಕಡ್ಡಾಯ. ಬಿರುಕು ಬಿಟ್ಟ ಅಥವಾ ಗೆರೆಗಳು ಮೂಡಿರುವ ಪ್ಯಾನೆಲ್‌ಗೆ ಹೊಸ ಬೋರ್ಡ್ ಕೊಳ್ಳುವುದು ವ್ಯರ್ಥ.

ದುಬಾರಿ ಪರದೆಗೂ ಇದೇ ದಾರಿ

ಆಪಲ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ 27 ಅಂಗುಲದ 5ಕೆ ಐಮ್ಯಾಕ್ ಇದಕ್ಕೆ ಉತ್ತಮ ನಿದರ್ಶನ. ಅದರ ಪರದೆ 5120×2880 ಪಿಕ್ಸೆಲ್‌ಗಳದ್ದು. ಆದರೆ ಹಿಂದಿನ ಕೆಲವು ಐಮ್ಯಾಕ್‌ಗಳಂತೆ ಇದನ್ನು ಬೇರೆ ಕಂಪ್ಯೂಟರಿನ ಮಾನಿಟರ್ ಆಗಿ ಬಳಸುವ ಸೌಲಭ್ಯ ಇರಲಿಲ್ಲ. ಒಳಗಿನ ಕಂಪ್ಯೂಟರ್ ಹಳತಾದರೆ ಉತ್ತಮ ಪರದೆಯೂ ನಿರುಪಯುಕ್ತವಾಗುತ್ತಿತ್ತು. ಈ ಪ್ಯಾನೆಲ್‌ಗೆಂದೇ ತಯಾರಾದ ಕಂಟ್ರೋಲರ್ ಬೋರ್ಡ್‌ಗಳು ಆ ಕೊರತೆಯನ್ನು ನೀಗಿಸಿವೆ.

ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಸುಸ್ಥಿತಿಯಲ್ಲಿರುವ ಪರದೆಯನ್ನು ಒಡೆದು ಲೋಹ ತೆಗೆಯುವುದಕ್ಕಿಂತ ಅದನ್ನು ಪರದೆಯಾಗಿಯೇ ಬಳಸುವುದು ಲೇಸು. ಸರಿಪಡಿಸಲಾಗದ ಪರದೆಯನ್ನು ಮಾತ್ರ, ಬೀದಿ ಕಸಕ್ಕೆ ಎಸೆಯದೆ, ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಒಪ್ಪಿಸುವುದು ಸೂಕ್ತ.