ದಂಡಶಾಸನಗಳೂ ಪ್ರಜಾಪ್ರತಿರೋಧವೂ: ಕಲಬುರಗಿ ಸೀಮೆಯ ದೃಷ್ಟಿಯಿಂದ ಒಂದು ವಿಚಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಸ್ಥಳಗಳನ್ನೊಳಗೊಂಡ ಕಲಬುರಗಿ ಸೀಮೆಯ ಪ್ರಾಚೀನ ಮಹಿಮೆಯು ವಿದ್ವಾಂಸರಿಗೆ ವಿದಿತವೇ ಆಗಿದೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದೂ, ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಚಾಳುಕ್ಯರ ಕಾಲದ ಘಟಿಕಾಸ್ಥಾನವಿದ್ದಿತೆಂಬುದೂ, ಭೀಮಾತೀರದ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆಯೆಂಬುದೂ ಪ್ರಸಿದ್ಧವಾದ ಸಂಗತಿಗಳು. ಈ ನಾಡಿನಲ್ಲಿ ಶಾಸನವೆಂಬ ಶಬ್ದವು ಬಹುಮಟ್ಟಿಗೆ ದಾನವನ್ನು ಸೂಚಿಸುತ್ತಿದ್ದಿತು. ಭೂಮಿಯನ್ನೋ ಸುಂಕವನ್ನೋ ದೇವರಿಗೆ, ಮಠಕ್ಕೆ, ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟುದರ ಸಾಕ್ಷಿಯಾಗಿ ಕಲ್ಲು ನಿಲ್ಲುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಶಬ್ದಕ್ಕೆ ಬೇರೊಂದು ಅರ್ಥವು ಕೂಡಿತು. ಕಲ್ಕತ್ತೆಯ ಸಭೆಯಲ್ಲಿ ಆಂಗ್ಲಭಾಷೆಯಲ್ಲಿ ರಚಿತವಾಗಿ, ಜನರಿಂದ ಏನನ್ನಾದರೂ ಕಸಿದುಕೊಳ್ಳುವ ಅಥವಾ ಯಾವುದನ್ನಾದರೂ ನಿಷೇಧಿಸುವ ವಿಧಿಯೂ ಶಾಸನವೆನಿಸಿತು. ಈ ಎರಡನೆಯ ಬಗೆಯ ಶಾಸನವನ್ನು ಕುರಿತದ್ದು ಪ್ರಕೃತ ಲೇಖನ.

ಈ ಸೀಮೆಯ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ಅಭಿಪ್ರಾಯವು ರೂಢವಾಗಿದೆ. ಇದು ನಿಜಾಮನ ರಾಜ್ಯಕ್ಕೆ ಸೇರಿದ್ದುದರಿಂದ ಬ್ರಿಟಿಷರ ದಂಡಶಾಸನಗಳ ಬಿಸಿ ಇಲ್ಲಿಗೆ ತಟ್ಟಲಿಲ್ಲವೆಂದೂ, ಇಲ್ಲಿ ನಡೆದ ಹೋರಾಟವು ಕೇವಲ ನಿಜಾಮನ ಆಳಿಕೆಗೆ ವಿರುದ್ಧವಾದುದೆಂದೂ ಆ ಅಭಿಪ್ರಾಯದ ಸಾರ. ಇದು ಅರ್ಧ ಸತ್ಯ. ಆ ಶಾಸನಗಳ ಪ್ರಭಾವವು ಸಂಸ್ಥಾನಗಳ ಎಲ್ಲೆಯನ್ನು ಹೇಗೆ ದಾಟಿತು, ದಾಟಿದಂತೆಲ್ಲ ವಿರೋಧಿಸುವವರ ವೃತ್ತವು ಹೇಗೆ ಹಿಗ್ಗಿತು ಎಂಬುದನ್ನು ನೋಡಿದರೆ ಉಳಿದರ್ಧವು ಕಾಣುತ್ತದೆ.

ಮೊದಲು ದಂಡದ ವಿಷಯದಲ್ಲಿ ನಮ್ಮ ಪೂರ್ವಿಕರ ಮತವನ್ನು ನೆನೆಯುವುದು ಯುಕ್ತ. ದಂಡವು ಅತಿ ತೀಕ್ಷ್ಣವಾದರೆ ಪ್ರಜೆಗಳು ನಡುಗುವರು, ಅತಿ ಮೃದುವಾದರೆ ರಾಜನನ್ನು ಕಡೆಗಣಿಸುವರು, ಯಥಾಯೋಗ್ಯವಾದರೆ ಮಾತ್ರ ಅದಕ್ಕೆ ಮನ್ನಣೆಯುಂಟು ಎಂಬುದು ಕೌಟಿಲ್ಯನ ಅರ್ಥಶಾಸ್ತ್ರದ ತಾತ್ಪರ್ಯ. ಅನ್ಯಾಯವಾಗಿ ಪ್ರಯೋಗಿಸಿದ ದಂಡವು ಕಾಡಿನಲ್ಲಿರುವ ತಪಸ್ವಿಗಳನ್ನೂ ಕೆರಳಿಸುವುದೆಂದು ಆತನು ಎಚ್ಚರಿಸಿದ್ದಾನೆ. ತಪಸ್ವಿಗಳೇ ಕೆರಳುವರೆಂದ ಮೇಲೆ, ಆಯುಧವೇ ಜೀವನೋಪಾಯವಾಗಿದ್ದ ಬೇಡರ ಮಾತನ್ನು ಹೇಳತಕ್ಕದ್ದೇನು?

೧೮೫೭ನೆಯ ಇಸವಿಯಲ್ಲಿ ಉತ್ತರದೇಶದಲ್ಲಿ ಸಿಪಾಯಿಗಳು ದಂಗೆಯೆದ್ದ ಕೆಲವೇ ತಿಂಗಳುಗಳಲ್ಲಿ, ಆಯುಧಗಳ ತಯಾರಿಕೆ, ಮಾರಾಟ, ಧಾರಣೆ ಇವುಗಳನ್ನು ನಿಯಂತ್ರಿಸುವ ಶಾಸನವೊಂದು ಹೊರಟಿತು. ಪರವಾನಗಿಯಿಲ್ಲದೆ ಆಯುಧವನ್ನಿಟ್ಟುಕೊಳ್ಳುವುದು ಅಪರಾಧವೆನಿಸಿತು. ಪಟ್ಟಣದ ವರ್ತಕನಿಗೆ ಇದು ಅಷ್ಟಾಗಿ ಬಾಧಕವಲ್ಲ. ಕೃಷ್ಣಾ ಘಟಪ್ರಭಾ ಪ್ರಾಂತದ ಬೇಡನಿಗಾದರೋ ಬಂದೂಕು, ಕತ್ತಿ, ಈಟಿಗಳು ಬೇಟೆಯ ಸಾಧನಗಳು, ಊರ ಕಾವಲಿನ ಸಾಧನಗಳು, ಕುಲದ ಗೌರವದ ಚಿಹ್ನೆಗಳು. ಅವನ್ನು ಸರಕಾರಕ್ಕೆ ಒಪ್ಪಿಸಿ ಚೀಟಿ ಪಡೆಯಬೇಕೆಂದರೆ ಅವನ ಪಾಲಿಗೆ ಕುಲವನ್ನೇ ಒಪ್ಪಿಸಿದಂತೆ.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಕೊಡೆವೆಂದು ನಿಂತರು. ೧೮೫೭ರ ನವೆಂಬರ್ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಸೈನ್ಯವು ಆ ಊರನ್ನು ಮುತ್ತಿತು. ಊರಿಗೆ ಬೆಂಕಿ ಬಿದ್ದಿತು, ಅನೇಕರು ಮಡಿದರು, ನೂರಾರು ಜನರು ಸೆರೆಯಾದರು. ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು ೧೯ ಮಂದಿಯನ್ನು ಗಲ್ಲಿಗೇರಿಸಲಾಯಿತು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದನೆಯದು, ಹಲಗಲಿಯೂ ಬ್ರಿಟಿಷರ ನೇರವಾದ ಆಳಿಕೆಗೆ ಸೇರಿದ ಊರಲ್ಲ. ಅದು ಘೋರ್ಪಡೆ ಮನೆತನದ ಸಂಸ್ಥಾನಕ್ಕೆ ಸೇರಿದುದು. ಆದರೂ ಶಾಸನವು ಅಲ್ಲಿಗೆ ನಡೆದುಹೋಯಿತು, ಅದರ ಹಿಂದೆಯೇ ಸೈನ್ಯವೂ ನಡೆದುಹೋಯಿತು. ದೇಶೀಯ ಸಂಸ್ಥಾನವು ಬ್ರಿಟಿಷ್ ಶಾಸನಕ್ಕೆ ತಡೆಗೋಡೆಯಾಗಿದ್ದಿತೆಂಬ ಮತಕ್ಕೆ ಇದೊಂದೇ ಸಾಕಾದ ಉತ್ತರ. ಎರಡನೆಯದು, ಹಲಗಲಿಯಲ್ಲಿ ಹೋರಾಟದ ಮುಂದೆ ನಿಂತವನು ರಾಜನಲ್ಲ, ದೇಸಾಯಿಯಲ್ಲ. ಜಡಗ, ಬಾಲ, ಹನುಮ, ರಾಮ ಎಂಬ ಸಾಮಾನ್ಯರ ಹೆಸರುಗಳೇ ನಾಯಕರ ಹೆಸರುಗಳಾಗಿ ಉಳಿದವು. ಅವರನ್ನು ನಾಯಕರನ್ನಾಗಿ ಮಾಡಿದ್ದು ಯಾವ ಪಟ್ಟವೂ ಅಲ್ಲ, ಆ ಶಾಸನವೇ.

ಇದಕ್ಕೆ ಹೋಲಿಸಿ ನೋಡತಕ್ಕದ್ದು ಕಲಬುರಗಿ ಸೀಮೆಗೆ ಹತ್ತಿರದ ಸುರಪುರದ ವೃತ್ತಾಂತ. ಅಲ್ಲಿಯ ಬೇಡ ಅರಸು ವೆಂಕಟಪ್ಪನಾಯಕನು ಬಾಲ್ಯದಲ್ಲಿ ಮೆಡೋಸ್ ಟೇಲರನ ಮೇಲ್ವಿಚಾರಣೆಯಲ್ಲಿ ಬೆಳೆದವನು. ೧೮೫೮ರ ಫೆಬ್ರವರಿಯಲ್ಲಿ, ತನ್ನ ರಾಜಧಾನಿಯ ಬಳಿ ಬಂದಿಳಿದ ಸೈನ್ಯದೊಡನೆ ಅವನ ಕಡೆಯವರು ಕಾದಿದರು. ಕ್ಯಾಪ್ಟನ್ ನ್ಯೂಬರಿಯು ಹತನಾದನು. ಹೈದರಾಬಾದಿಗೆ ಹೋದ ವೆಂಕಟಪ್ಪನಾಯಕನನ್ನು ಸಾಲಾರ್ ಜಂಗನ ಸರಕಾರವು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿತು. ಸೈನಿಕ ವಿಚಾರಣೆಯಲ್ಲಿ ವಿಧಿಸಿದ ಮರಣದಂಡನೆಯು ಮೊದಲು ದ್ವೀಪಾಂತರವಾಸಕ್ಕೆ, ಆಮೇಲೆ ಗವರ್ನರ್ ಜನರಲನಿಂದ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಮದರಾಸಿನ ಕಡೆಗೆ ಕರೆದೊಯ್ಯುತ್ತಿರುವಾಗಲೇ ಗುಂಡೇಟಿನಿಂದ ಅವನು ಪ್ರಾಣಬಿಟ್ಟನು. ತಾನೇ ಹೊಡೆದುಕೊಂಡನೆಂದು ಟೇಲರನ ಆತ್ಮಕಥೆ ಹೇಳುತ್ತದೆ. ೧೮೬೦ರಲ್ಲಿ ಸುರಪುರವು ನಿಜಾಮನಿಗೆ ಸಂದಿತು. ಒಬ್ಬ ಅರಸನ ಮೇಲೆ ಎತ್ತಿದ ದಂಡವನ್ನು ಇಳಿಸಲು ಮೂರು ಹಂತಗಳ ವಿವೇಚನೆ ನಡೆಯಿತು. ಹಲಗಲಿಯ ೧೯ ಮಂದಿಗೆ ಒಂದು ತಿಂಗಳೂ ಕಳೆಯಲಿಲ್ಲ. ಸಾಮಾನ್ಯನ ಮೇಲೆ ಶಾಸನವು ಅಷ್ಟು ಬೇಗ ಬೀಳುತ್ತದೆ.

ಇಲ್ಲಿ ಆಧಾರಗ್ರಂಥಗಳ ಬಗೆಗೆ ಒಂದು ಮಾತು. ಸುರಪುರದ ವೃತ್ತಾಂತವು ನಮಗೆ ಮುಖ್ಯವಾಗಿ ೧೮೭೭ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯ ಮೂಲಕ ಬಂದಿದೆ. ಅದರಲ್ಲಿ ವಾತ್ಸಲ್ಯವುಂಟು, ಅಧಿಕಾರಿಯ ದೃಷ್ಟಿಯೂ ಉಂಟು. ಹಲಗಲಿಯ ವೃತ್ತಾಂತವಾದರೋ ಲಾವಣಿಯಲ್ಲಿ ಉಳಿಯಿತು. ಅದನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚುಮಾಡಿಸಿದವರು ಕನ್ನಡ ಶಿಲಾಶಾಸನಗಳನ್ನು ಓದಿದ ಫ್ಲೀಟರೇ ಎಂಬುದು ಸ್ವಾರಸ್ಯವಾದ ವಿಷಯ. ಬ್ರಿಟಿಷ್ ಸರಕಾರದ ಅಧಿಕಾರಿಯೇ ಆ ಸರಕಾರದ ಶಾಸನವನ್ನು ಧಿಕ್ಕರಿಸಿದವರ ಹಾಡನ್ನು ಉಳಿಸಿಕೊಟ್ಟನು. ಸಾಹಿತ್ಯವನ್ನು ಬೋಧಿಸುವವರು ಲಾವಣಿಯನ್ನು ವೀರರಸಕ್ಕೆ ಉದಾಹರಣೆಯೆಂದು ಮಾತ್ರ ಹೇಳಿ ಬಿಡಬಾರದು. ದೂರದ ಸಭೆಯಲ್ಲಿ ಹುಟ್ಟಿದ ವಿಧಿಯೊಂದು ಹಳ್ಳಿಯವನ ಕಿವಿಗೆ ಹೇಗೆ ಕೇಳಿಸಿತೆಂಬುದಕ್ಕೆ ಕಚೇರಿಯ ಕಾಗದಗಳಲ್ಲಿ ಸಿಕ್ಕದ ಪ್ರಮಾಣವು ಅಲ್ಲಿದೆ.

ಇನ್ನು ಪ್ರಕೃತ ಸೀಮೆಯೊಳಕ್ಕೆ ಬರೋಣ. ೧೮೭೧ರ ಹೊತ್ತಿಗೆ ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ, ವಾಡಿಗಳ ಮೇಲೆ ರಾಯಚೂರಿನವರೆಗೆ ಉಗಿಬಂಡಿಯ ದಾರಿ ಸಿದ್ಧವಾಯಿತು. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮ ರೈಲ್ವೆಯು ತೆರೆಯಿತು. ಚಿಂಚೋಳಿಯೊಂದೇ ದಾರಿಯಿಂದ ದೂರವುಳಿಯಿತು. ಈ ಕಬ್ಬಿಣದ ದಾರಿಯೊಡನೆ ಒಂದು ವಿಚಿತ್ರವಾದ ನ್ಯಾಯವ್ಯವಸ್ಥೆಯೂ ಬಂದಿತು. ದಾರಿಯ ಭೂಮಿಯ ಮೇಲಿನ ನ್ಯಾಯಾಧಿಕಾರವನ್ನು ನಿಜಾಮನ ಸರಕಾರವು ಬ್ರಿಟಿಷರಿಗೆ ಬಿಟ್ಟುಕೊಟ್ಟಿತು. ಆದಕಾರಣ ಹೊಲದಲ್ಲಿ ನಿಂತ ರೈತನು ನಿಜಾಮನ ಪ್ರಜೆ. ನಾಲ್ಕು ಹೆಜ್ಜೆ ನಡೆದು ನಿಲ್ದಾಣವನ್ನು ಹತ್ತಿದರೆ ಬೇರೊಂದು ನ್ಯಾಯದ ವಶ. ಹೊಲದ ಅಧಿಕಾರಿಯ ಬರಹ ಉರ್ದುವಿನಲ್ಲಿ, ನಿಲ್ದಾಣದ ಬರಹ ಆಂಗ್ಲದಲ್ಲಿ. ರೈತನ ಕನ್ನಡಕ್ಕೆ ಎರಡೂ ಕಡೆ ಸ್ಥಾನವಿರಲಿಲ್ಲ.

ಈ ಅಧಿಕಾರದ ಮೇರೆ ಎಷ್ಟೆಂಬ ಪ್ರಶ್ನೆಯು ಮುಂದೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಮಹಮ್ಮದ್ ಯೂಸುಫುದ್ದೀನ್ ಎಂಬವರನ್ನು, ಸಿಮ್ಲಾದಲ್ಲಿ ನಡೆಯಿತೆನ್ನಲಾದ ಅಪರಾಧಕ್ಕಾಗಿ, ಅಲ್ಲಿಯ ಮ್ಯಾಜಿಸ್ಟ್ರೇಟನ ವಾರಂಟಿನ ಮೇಲೆ ನಿಜಾಮ ರಾಜ್ಯದ ರೈಲುನಿಲ್ದಾಣವೊಂದರಲ್ಲಿ ಹಿಡಿಯಲಾಗಿದ್ದಿತು. ೧೮೯೭ರಲ್ಲಿ ಪ್ರಿವಿ ಕೌನ್ಸಿಲು ಈ ಬಂಧನವು ಅಕ್ರಮವೆಂದು ತೀರ್ಮಾನಿಸಿತು. ನಿಜಾಮನು ಬಿಟ್ಟುಕೊಟ್ಟದ್ದು ರೈಲ್ವೆಯ ಆಡಳಿತಕ್ಕೆ ಬೇಕಾದಷ್ಟು ಅಧಿಕಾರವನ್ನೇ ಹೊರತು, ಆ ನೆಲವನ್ನೇ ಅಲ್ಲ ಎಂಬುದು ತೀರ್ಪಿನ ಸಾರಾಂಶ. ಶಾಸನವು ಕ್ರಮೇಣ ತನ್ನ ಮೇರೆಯನ್ನು ಮೀರಿ ಹರಿಯುತ್ತಿದ್ದಿತೆಂಬುದನ್ನು ಬ್ರಿಟಿಷರ ಅತ್ಯುನ್ನತ ನ್ಯಾಯಪೀಠವೇ ಒಪ್ಪಿಕೊಂಡಂತಾಯಿತು. ಆದರೆ ಲಂಡನ್ನಿನವರೆಗೆ ಹೋಗಬಲ್ಲವನಿಗೆ ದೊರೆತ ಆ ರಕ್ಷೆಯು ಸೇಡಂ ನಿಲ್ದಾಣದ ಕೂಲಿಕಾರನಿಗೆ ದೊರೆಯುವಂತಿರಲಿಲ್ಲ.

ಉಗಿಬಂಡಿಯು ಶಾಸನವನ್ನು ತಂದಂತೆ ಸುದ್ದಿಯನ್ನೂ ತಂದಿತು. ೧೮೭೮ರ ಆಯುಧಶಾಸನ ಮತ್ತು ದೇಶಭಾಷಾ ಪತ್ರಿಕೆಗಳ ಶಾಸನ, ೧೯೧೦ರ ಮುದ್ರಣಶಾಸನ, ೧೯೧೯ರ ರೌಲಟ್ ಶಾಸನ ಇವು ಒಂದೊಂದೂ ಬೇರೆ ಬೇರೆ ವರ್ಗದವರನ್ನು ಮುಟ್ಟಿದವು. ರೌಲಟ್ ಶಾಸನಕ್ಕೆ ಪ್ರತಿಯಾಗಿ ಏಪ್ರಿಲ್ ೬ರಂದು ದೇಶವ್ಯಾಪಿಯಾದ ಹರತಾಳವು ನಡೆಯಿತು. ಅದೇ ತಿಂಗಳ ೧೩ರಂದು ಜಲಿಯನ್‌ವಾಲಾಬಾಗಿನ ಹತ್ಯೆಯು ನಡೆಯಿತು. ಶಾಸನವು ೧೯೨೨ರಲ್ಲಿ ರದ್ದಾದರೂ ಅದು ಎಬ್ಬಿಸಿದ ಜನಶಕ್ತಿಯು ಮತ್ತೆ ಮಲಗಲಿಲ್ಲ. ಶಹಾಬಾದ ವಾಡಿಗಳಿಗೆ ಅದೇ ರೈಲುದಾರಿಯಲ್ಲಿ ನೆರೆಯಾದ ಸೊಲ್ಲಾಪುರದಲ್ಲಿ, ಗಾಂಧೀಜಿಯವರ ಬಂಧನದ ತರುವಾಯ ೧೯೩೦ರ ಮೇ ತಿಂಗಳಲ್ಲಿ ಗಲಭೆಯಾಗಿ ಸೈನಿಕ ಶಾಸನವು ಜಾರಿಗೆ ಬಂದಿತು. ರಾಷ್ಟ್ರಧ್ವಜವನ್ನು ಹಿಡಿದವರಿಗೂ ಶಿಕ್ಷೆಯಾಯಿತು. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ೧೯೩೧ರ ಜನವರಿ ೧೨ರಂದು ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಸಾಕು: ಹಲಗಲಿಯಲ್ಲಿ ಒಂದೇ ಕುಲದ ಮೇಲೆ ಬಿದ್ದ ದಂಡವು ಸೊಲ್ಲಾಪುರದಲ್ಲಿ ಒಂದು ನಗರದ ನಾನಾ ಮತಗಳ ಜನರ ಮೇಲೆ ಬಿದ್ದುದು ಸ್ಪಷ್ಟವಾಗುತ್ತದೆ.

ಹೈದರಾಬಾದು ಸರಕಾರವು ಈ ಪಾಠವನ್ನು ಕಲಿಯಲಿಲ್ಲ; ವಿಧಾನವನ್ನು ಮಾತ್ರ ಕಲಿಯಿತು. ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರಬಾರದೆಂಬ ‘ಗಸ್ತಿ ನಿಶಾನ್ ೫೩’ ಎಂಬ ಪ್ರಸಿದ್ಧ ಸುತ್ತೋಲೆಯು ಹೊರಟಿತು. ೧೯೩೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ವಿಧ್ಯುಕ್ತವಾಗಿ ಸ್ಥಾಪನೆಯಾಗುವುದಕ್ಕೆ ಮೊದಲೇ ನಿಷಿದ್ಧವಾಯಿತು. ಆ ನಿಷೇಧವು ೧೯೪೬ರವರೆಗೆ ನಿಂತಿತು. ಫಲವೇನಾಯಿತು? ಅಕ್ಟೋಬರ್ ೨೪ರಂದು ಸತ್ಯಾಗ್ರಹವು ಮೊದಲಾಯಿತು. ವಂದೇಮಾತರಂ ಹಾಡಿದ ವಿದ್ಯಾರ್ಥಿಗಳು ವಿದ್ಯಾಲಯಗಳಿಂದ ಹೊರಬಿದ್ದರು. ೧೯೩೯ರಲ್ಲಿ ಆರ್ಯಸಮಾಜದ ಸತ್ಯಾಗ್ರಹದ ಕಾಲದಲ್ಲಿ ಮಹಾತ್ಮಾ ನಾರಾಯಣಸ್ವಾಮಿಗಳು ಕಲಬುರಗಿಯ ಸೆರೆಮನೆಯನ್ನು ಕಂಡರು. ವಕೀಲರು, ಶಿಕ್ಷಕರು, ವಿದ್ಯಾರ್ಥಿಗಳು, ಸಂನ್ಯಾಸಿಗಳು ಎಲ್ಲರೂ ದಂಡಾರ್ಹರಾದರು. ೧೯೪೮ರ ಸೆಪ್ಟೆಂಬರ್ ೧೭ರಂದು ಹೈದರಾಬಾದು ಸಂಸ್ಥಾನದ ಸ್ವತಂತ್ರಾಧಿಕಾರವು ಕೊನೆಗೊಂಡಾಗ ಆ ಎಲ್ಲ ನಿಷೇಧಗಳಿಗೂ ಆಶ್ರಯವಿಲ್ಲದಂತಾಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಬೇಡರ ಅಸಮಾಧಾನಕ್ಕೆ ಬೇರೆ ಕಾರಣಗಳಿರಲಿಲ್ಲವೇ? ಕಂದಾಯದ ಭಾರ, ಅಧಿಕಾರದ ಭ್ರಂಶ, ಕ್ಷಾಮ, ಮತವೈಷಮ್ಯ ಇವನ್ನು ಬಿಟ್ಟು ಎಲ್ಲವನ್ನೂ ಶಾಸನದ ತಲೆಗೆ ಕಟ್ಟುವುದು ನ್ಯಾಯವೇ? ಆಕ್ಷೇಪವು ಯುಕ್ತವಾದುದೇ. ತಾರ್ಕಿಕರು ಮಡಕೆಗೆ ಮಣ್ಣನ್ನು ಸಮವಾಯಿಕಾರಣವೆಂದೂ, ಕುಂಬಾರನನ್ನೂ ಅವನ ದಂಡಚಕ್ರಗಳನ್ನೂ ನಿಮಿತ್ತಕಾರಣವೆಂದೂ ಹೇಳುವರು. ಪ್ರಜೆಗಳ ಕಷ್ಟವು ಮಣ್ಣು. ಅದು ಎಲ್ಲ ಕಾಲದಲ್ಲಿಯೂ ಎಲ್ಲ ಊರಿನಲ್ಲಿಯೂ ಚದರಿ ಬಿದ್ದಿರುತ್ತದೆ. ಅದನ್ನು ಒಟ್ಟುಗೂಡಿಸಿ ಆಕಾರಕೊಡಲು ನಿಮಿತ್ತವೊಂದು ಬೇಕು. ಕಂದಾಯವು ರೈತನನ್ನು ಬೇರೆ, ವರ್ತಕನನ್ನು ಬೇರೆ ರೀತಿಯಲ್ಲಿ ಬಾಧಿಸೀತು. ಆದರೆ ಆಯುಧವನ್ನು ಕೊಡು, ಸಭೆ ಸೇರಬೇಡ, ಹಾಡಬೇಡ ಎಂಬ ವಿಧಿಯು ಎಲ್ಲರ ಮುಂದೆ ಒಂದೇ ದಿನ ಒಂದೇ ಪ್ರಶ್ನೆಯನ್ನು ಇಡುತ್ತದೆ. ಒಂದೇ ಪ್ರಶ್ನೆಗೆ ಉತ್ತರಿಸಬೇಕಾದವರು ಒಂದೇ ಪಕ್ಷವಾಗುವುದು ಸಹಜ.

ಹೀಗೆ ೧೮೫೭ರಿಂದ ೧೯೪೮ರವರೆಗಿನ ತೊಂಬತ್ತೊಂದು ವರ್ಷಗಳಲ್ಲಿ ದಂಡದ ವೃತ್ತವು ಒಂದು ಕುಲದಿಂದ ನಗರಕ್ಕೆ, ನಗರದಿಂದ ಸಭೆ ಸೇರುವ ಪ್ರತಿಯೊಬ್ಬನಿಗೂ ಹಿಗ್ಗಿತು. ಪ್ರತಿರೋಧದ ವೃತ್ತವು ಅದರ ಬೆನ್ನಿಗೇ ಹಿಗ್ಗಿತು. ಕಲಬುರಗಿ ಸೀಮೆಯ ಹೋರಾಟವನ್ನು ಸಂಸ್ಥಾನದ ಒಳಜಗಳವೆಂದು ಪ್ರತ್ಯೇಕಿಸದೆ ಈ ಸಾಲಿನಲ್ಲಿಯೇ ಇಟ್ಟು ಓದಬೇಕೆಂಬುದು ನಮ್ಮ ಅಭಿಪ್ರಾಯ. ಶಿಲಾಶಾಸನಗಳ ವಾಚನದಲ್ಲಿ ನಮ್ಮ ವಿದ್ವಾಂಸರು ತೋರಿದ ಶ್ರದ್ಧೆಯನ್ನು ಸುತ್ತೋಲೆ, ತೀರ್ಪು, ಲಾವಣಿಗಳ ವಾಚನದಲ್ಲಿಯೂ ತೋರಿದರೆ, ಮಾನ್ಯಖೇಟದ ನಾಡಿನ ಈ ಸಮೀಪದ ಚರಿತ್ರೆಯೂ ಅದರ ದೂರದ ಚರಿತ್ರೆಯಷ್ಟೇ ಸ್ಫುಟವಾದೀತು.